‘ಝೀನತ್’ ಎಂದರೆ ಬರೀ ಹೆಣ್ಣಿನ ಒಡವೆಯಲ್ಲ

ಅಲಂಕಾರದ ಬಗ್ಗೆ ಧಾರ್ಮಿಕ ಪ್ರವಚನ ಎಂದರೆ ಅದು ಹೆಂಗಸರ ಬಗ್ಗೆ ಎಂದು ನಮ್ಮಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಬಾದಿನ ಮೆಹದಿಪಟ್ನಂ ಇರಲಿ, ನನ್ನ ಹುಟ್ಟೂರು ರಾಯಚೂರು ಇರಲಿ, ದಿನಕ್ಕೆ ನಾಲ್ಕರಂತೆ ಮೊಬೈಲಿಗೆ ಬಂದು ಬೀಳುವ ವಿಡಿಯೊಗಳಿರಲಿ, ಮಾತು ಮುಖದಿಂದ ಶುರುವಾಗಿ ಕಾಲ್ಗೆಜ್ಜೆಗೆ ಮುಗಿಯುತ್ತದೆ. ನಡುವೆ ಕಾಡಿಗೆ, ಬಳೆ, ಮದರಂಗಿ, ಉಗುರುಬಣ್ಣ, ಬುರ್ಖಾದ ತೋಳಿನ ಮೇಲಿನ ಕಸೂತಿ ಎಲ್ಲವೂ ಬಂದು ಹೋಗುತ್ತವೆ. ಗಂಡಸರ ವಿಷಯ ಬಂದರೆ ಗಡ್ಡದ ಉದ್ದ, ಪೈಜಾಮದ ಗಿಡ್ಡ ಇಷ್ಟಕ್ಕೇ ಮಾತು ನಿಲ್ಲುತ್ತದೆ. ಅವರ ಕಾರು, ಅವರ ಬಂಗಲೆ, ಮಗನ ಮದುವೆಗೆ ಅವರು ಹಿಡಿದ ಫಂಕ್ಷನ್ ಹಾಲ್ ಇವನ್ನು ಯಾರೂ ಅಲಂಕಾರ ಎಂದು ಕರೆಯುವುದಿಲ್ಲ. ಆದರೆ ಕುರ್‌ಆನ್ ಕರೆಯುತ್ತದೆ. ಈ ಲೇಖನದ ವಿಷಯ ಅಷ್ಟೇ.

ನಾನು ಚಾರ್ಟರ್ಡ್ ಅಕೌಂಟೆಂಟ್. ಹದಿನೆಂಟು ವರ್ಷಗಳಿಂದ ಹೈದರಾಬಾದಿನಲ್ಲಿ ಜನರ ಆದಾಯ ತೆರಿಗೆ, ಜಿಎಸ್‌ಟಿ ಲೆಕ್ಕ ನೋಡುತ್ತಿದ್ದೇನೆ. ರಂಜಾನ್ ತಿಂಗಳಲ್ಲಿ ಇದಕ್ಕೆ ಜಕಾತ್ ಲೆಕ್ಕವೂ ಸೇರುತ್ತದೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ, ಕೊಡುವುದೂ ಇಲ್ಲ. ಆದರೆ ‘ಆಪಾ, ಮೈಮೇಲಿನ ಚಿನ್ನಕ್ಕೂ ಜಕಾತ್ ಇದೆಯಾ?’ ಎಂದು ಕೇಳುವ ಹೆಂಗಸರಿಗೆ ಉತ್ತರ ಹುಡುಕುತ್ತಾ ಹುಡುಕುತ್ತಾ ಅಲಂಕಾರದ ಬಗ್ಗೆ ವ್ಯಾಖ್ಯಾನಕಾರರು ಏನೇನು ಬರೆದಿದ್ದಾರೆ ಎಂದು ಓದುವ ಚಟ ಹತ್ತಿತು. ಲೆಕ್ಕ ಬರೆಯುವವಳಿಗೆ ಕುರ್‌ಆನ್ ವ್ಯಾಖ್ಯಾನದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಅಲಂಕಾರದ ಬಗ್ಗೆ ಅತಿ ಮುಖ್ಯವಾದ ವಚನ ಉಲಮಾಗಳನ್ನು ಸಂಬೋಧಿಸುವುದಿಲ್ಲ, ಆದಮನ ಮಕ್ಕಳನ್ನು ಸಂಬೋಧಿಸುತ್ತದೆ. ಆ ಲೆಕ್ಕದಲ್ಲಿ ನಾನೂ ಬರುತ್ತೇನೆ.

ಒಂದೇ ಪದ, ಹತ್ತಾರು ಜಾಗ

ಕುರ್‌ಆನ್‌ನಲ್ಲಿ ಅಲಂಕಾರಕ್ಕೆ ಬರುವ ಮುಖ್ಯ ಪದ ‘ಝೀನತ್’. ನಮ್ಮ ಹುಡುಗಿಯರಿಗೆ ಇಡುವ ಜೀನತ್ ಎಂಬ ಹೆಸರು ಇದೇ ಪದ. ಇದನ್ನು 24ನೇ ಅಧ್ಯಾಯವಾದ ಸೂರಾ ನೂರ್‌ನ 31ನೇ ವಚನದಲ್ಲಿ ಮಾತ್ರ ನೋಡಿದರೆ ಹೆಂಗಸರ ಅಲಂಕಾರ ಎಂದೇ ಅನ್ನಿಸುತ್ತದೆ. ಇಡೀ ಗ್ರಂಥದಲ್ಲಿ ಹಿಂಬಾಲಿಸಿ ಹೋದರೆ ಚಿತ್ರ ಬೇರೆಯಾಗುತ್ತದೆ. 37ನೇ ಅಧ್ಯಾಯದಲ್ಲಿ ನಕ್ಷತ್ರಗಳು ಆಕಾಶದ ಝೀನತ್. 16ನೇ ಅಧ್ಯಾಯದಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳು ಸವಾರಿಗೂ ಹೌದು, ಝೀನತ್‌ಗೂ ಹೌದು. 18ನೇ ಅಧ್ಯಾಯದ ಪ್ರಕಾರ ಭೂಮಿಯ ಮೇಲಿರುವುದೆಲ್ಲ ಅದರ ಝೀನತ್. ಅದೇ ಅಧ್ಯಾಯದಲ್ಲಿ ಮುಂದೆ ಹೋದರೆ ಆಸ್ತಿ ಮತ್ತು ಮಕ್ಕಳು ಈ ಬದುಕಿನ ಝೀನತ್. 20ನೇ ಅಧ್ಯಾಯದಲ್ಲಿ ಮೂಸಾ ಮತ್ತು ಫಿರೌನನ ಮಾಂತ್ರಿಕರ ಸ್ಪರ್ಧೆ ನಡೆಯುವ ಹಬ್ಬದ ದಿನಕ್ಕೆ ‘ಝೀನತ್‌ನ ದಿನ’ ಎಂದೇ ಹೆಸರು.

ಇನ್ನೂ ಸೂಕ್ಷ್ಮವಾದ ಬಳಕೆ 49ನೇ ಅಧ್ಯಾಯದಲ್ಲಿದೆ. ಅಲ್ಲಿ ದೇವರು ವಿಶ್ವಾಸಿಗಳ ಹೃದಯದಲ್ಲಿ ನಂಬಿಕೆಯನ್ನೇ ಅಲಂಕರಿಸಿ ಇಟ್ಟಿದ್ದಾನೆ ಎಂಬ ಅರ್ಥದಲ್ಲಿ ಇದೇ ಧಾತು ಬರುತ್ತದೆ. ಸೈತಾನ ಜನರ ಕೆಟ್ಟ ಕೆಲಸಗಳನ್ನು ಅವರ ಕಣ್ಣಿಗೆ ಚಂದ ಕಾಣುವಂತೆ ಮಾಡುತ್ತಾನೆ ಎನ್ನುವಾಗಲೂ ಇದೇ ಧಾತು. ಅಂದರೆ ಪದ ತನ್ನಷ್ಟಕ್ಕೆ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ. ಒಂದರ ಮೇಲೆ ಚೆಲುವನ್ನು ಹೊದಿಸುವುದು, ಅಷ್ಟೇ. ಅದು ನಕ್ಷತ್ರದಷ್ಟು ನಿಜವಾಗಿರಬಹುದು, ಮೋಸದ ಮೆರುಗೂ ಆಗಿರಬಹುದು.

ಝೀನತ್ ಎಂಬ ಪದದ ಜತೆ ಮೆರೆಯುತ್ತಾ ಹೊರಡುವ ಒಬ್ಬ ಮನುಷ್ಯನ ಚಿತ್ರವೂ 28ನೇ ಅಧ್ಯಾಯದಲ್ಲಿದೆ. ಅವನು ಗಂಡಸು, ಹೆಸರು ಕಾರೂನ್. ಅವನ ಖಜಾನೆಯ ಕೀಲಿಗಳನ್ನು ಹೊರಲು ಬಲಶಾಲಿಗಳ ಒಂದು ಗುಂಪೇ ಬೇಕಿತ್ತು. ಅವನು ತನ್ನ ಝೀನತ್‌ನೊಂದಿಗೆ ಜನರೆದುರು ಬಂದಾಗ ನೋಡಿದವರು ‘ನಮಗೂ ಇಷ್ಟು ಸಿಕ್ಕಿದ್ದರೆ’ ಎಂದು ಆಸೆಪಟ್ಟರು. ಕೊನೆಗೆ ಮನೆಯ ಸಮೇತ ಭೂಮಿ ಅವನನ್ನು ನುಂಗಿತು. ಈ ಕತೆಯಲ್ಲಿ ತಪ್ಪು ಚಿನ್ನದ್ದಲ್ಲ. ಇದೆಲ್ಲ ನನ್ನ ತಿಳಿವಳಿಕೆಯಿಂದಲೇ ಬಂದದ್ದು ಎಂಬ ಅವನ ಸೊಕ್ಕಿನದ್ದು. ಅಲಂಕಾರದ ಮೇಲಿನ ಪ್ರವಚನಗಳಲ್ಲಿ ಕಾರೂನನ ಹೆಸರು ಕೇಳಿದ ನೆನಪು ನನಗಿಲ್ಲ.

ಹಾಗೆಯೇ ‘ತಬರ್ರುಜ್’ ಎಂಬ ಇನ್ನೊಂದು ಪದವಿದೆ. 33ನೇ ಅಧ್ಯಾಯದಲ್ಲಿ ಪ್ರವಾದಿಯವರ ಪತ್ನಿಯರಿಗೆ ಹಿಂದಿನ ಅಜ್ಞಾನ ಕಾಲದ ತಬರ್ರುಜ್ ಬೇಡ ಎಂದು ಹೇಳಲಾಗಿದೆ. ಇದರ ಧಾತು ಕನ್ನಡಿಗರಿಗೆ ಗೊತ್ತಿರುವಂಥದ್ದೇ: ನಮ್ಮ ಕೋಟೆಗಳ ‘ಬುರುಜು’ ಅದೇ ಅರಬ್ಬಿ ಮೂಲದಿಂದ ಬಂದದ್ದು. ದೂರದಿಂದಲೇ ಎದ್ದು ಕಾಣುವ ಹಾಗೆ ನಿಲ್ಲುವುದು ಎಂಬ ಭಾವ. ಸ್ವಾರಸ್ಯವೆಂದರೆ 15ನೇ ಅಧ್ಯಾಯದ 16ನೇ ವಚನದಲ್ಲಿ ಈ ಎರಡೂ ಧಾತುಗಳು ಒಟ್ಟಿಗೆ ಬರುತ್ತವೆ: ದೇವರು ಆಕಾಶದಲ್ಲಿ ಬುರುಜುಗಳನ್ನಿಟ್ಟು, ನೋಡುವವರಿಗಾಗಿ ಅದನ್ನು ಅಲಂಕರಿಸಿದ್ದಾನೆ. ಎದ್ದು ಕಾಣುವುದೇ ಪಾಪವಾಗಿದ್ದರೆ ಆಕಾಶಕ್ಕೆ ಆ ಮಾತು ಒಪ್ಪುತ್ತಿರಲಿಲ್ಲ. ಮನುಷ್ಯರು ಮನುಷ್ಯರ ಮೇಲೆ ಬುರುಜಿನಂತೆ ಎದ್ದು ನಿಂತು ಮೆರೆಯಲು ಹೊರಟಾಗ ಅದು ತೊಡಕಾಗುತ್ತದೆ.

ನಿಜಾಮರ ನಾಡಿನ ಮೂವರು

ಈಗ ಸೂರಾ ನೂರ್‌ಗೆ ಬರೋಣ. 30ನೇ ವಚನ ಮೊದಲು ಗಂಡಸರಿಗೆ ಹೇಳುತ್ತದೆ: ದೃಷ್ಟಿ ತಗ್ಗಿಸಿ, ಶೀಲ ಕಾಪಾಡಿಕೊಳ್ಳಿ. ನಂತರ 31ನೇ ವಚನ ಹೆಂಗಸರಿಗೂ ಇದೇ ಎರಡನ್ನು ಹೇಳಿ, ತಾನಾಗಿ ಕಾಣುವಷ್ಟನ್ನು ಬಿಟ್ಟು ಝೀನತ್ ತೋರಿಸಬಾರದು, ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಳ್ಳಬೇಕು, ಮರೆಯಲ್ಲಿರುವ ಝೀನತ್ ತಿಳಿಯಲೆಂದು ಕಾಲು ಅಪ್ಪಳಿಸಿ ನಡೆಯಬಾರದು ಎಂದು ಸೇರಿಸುತ್ತದೆ. ‘ತಾನಾಗಿ ಕಾಣುವಷ್ಟು’ ಎಂದರೆ ಎಷ್ಟು? ಜಗಳ ಇರುವುದು ಇಲ್ಲಿ, ಮತ್ತು ಇದು ಇಂದಿನದಲ್ಲ. ಪ್ರವಾದಿಯವರ ಅನುಚರರಲ್ಲೇ ಇಬ್ನ್ ಅಬ್ಬಾಸ್ ಅವರ ಹೆಸರಿನಲ್ಲಿ ಬಂದ ಉತ್ತರ ಮುಖ, ಕೈ ಮತ್ತು ಅವುಗಳ ಮೇಲಿನ ಕಾಡಿಗೆ, ಉಂಗುರ ಎಂದು. ಇಬ್ನ್ ಮಸ್‌ಊದ್ ಅವರದ್ದು ಮೇಲುಡುಪು ಮಾತ್ರ ಎಂದು. ಅಂದರೆ ಭಿನ್ನಾಭಿಪ್ರಾಯ ಮೊದಲ ತಲೆಮಾರಿನಷ್ಟೇ ಹಳೆಯದು.

ಆಧುನಿಕ ಕಾಲದಲ್ಲಿ ಈ ವಚನವನ್ನು ಜಗತ್ತಿಗೆ ಓದಿಸಿದವರಲ್ಲಿ ಮೂವರಿಗೆ ಹೈದರಾಬಾದಿನ ನಂಟಿದೆ. ನಮ್ಮ ರಾಯಚೂರು, ಕಲಬುರಗಿ, ಬೀದರ್ ಆಗ ಇದೇ ನಿಜಾಮ ಸಂಸ್ಥಾನದಲ್ಲಿದ್ದವು. ಆದ್ದರಿಂದ ಇದು ನಮ್ಮ ನೆಲದ ಕತೆಯೂ ಹೌದು. ಇಂಗ್ಲೆಂಡಿನಲ್ಲಿ ಹುಟ್ಟಿ ಇಸ್ಲಾಂ ಸ್ವೀಕರಿಸಿದ ಮಾರ್ಮಡ್ಯೂಕ್ ಪಿಕ್ತಾಲ್ ನಿಜಾಮರ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡುತ್ತಾ, ನಿಜಾಮರೇ ಕೊಟ್ಟ ರಜೆಯಲ್ಲಿ ಕುರ್‌ಆನ್ ಇಂಗ್ಲಿಷ್ ಅನುವಾದ ಮುಗಿಸಿದರು. ಅದು 1930ರಲ್ಲಿ ಪ್ರಕಟವಾಯಿತು. ಐಸಿಎಸ್ ಅಧಿಕಾರಿಯಾಗಿದ್ದ ಅಬ್ದುಲ್ಲಾ ಯೂಸುಫ್ ಅಲಿ ಕೆಲಕಾಲ ನಿಜಾಮರ ಕಂದಾಯ ಸಚಿವರಾಗಿದ್ದರು. ಅವರ ಅನುವಾದ ಮತ್ತು ಟಿಪ್ಪಣಿಗಳು 1934ರಿಂದ ಲಾಹೋರಿನಲ್ಲಿ ಕಂತುಗಳಲ್ಲಿ ಬಂದವು. ಮೂರನೆಯವರು ಮೌಲಾನಾ ಮೌದೂದಿ. 1903ರಲ್ಲಿ ಆಗ ನಿಜಾಮ ಸಂಸ್ಥಾನದಲ್ಲಿದ್ದ ಔರಂಗಾಬಾದಿನಲ್ಲಿ ಹುಟ್ಟಿ, 1933ರಿಂದ ಹೈದರಾಬಾದಿನಲ್ಲಿ ‘ತರ್ಜುಮಾನುಲ್ ಕುರ್‌ಆನ್’ ಮಾಸಿಕ ನಡೆಸಿದವರು.

ಮೂವರೂ ಒಂದೇ ವಚನಕ್ಕೆ ಮೂರು ದಾರಿ ಹಿಡಿದರು. ಪಿಕ್ತಾಲ್ ‘ಕಾಣುವಂಥದ್ದು’ ಎಂಬ ಮೂಲದ ಮಾತನ್ನು ಏನೂ ಸೇರಿಸದೆ ಹಾಗೆಯೇ ಬಿಟ್ಟರು. ಯೂಸುಫ್ ಅಲಿ ‘ಸಾಮಾನ್ಯವಾಗಿ ಕಾಣಲೇಬೇಕಾದದ್ದು’ ಎಂಬ ಅರ್ಥ ಬರುವಂತೆ ಆವರಣದಲ್ಲಿ ಮಾತು ಸೇರಿಸಿದರು. ಝೀನತ್‌ನಲ್ಲಿ ಸಹಜ ಚೆಲುವು, ತೊಟ್ಟ ಒಡವೆ ಎರಡೂ ಇವೆ, ಇಲ್ಲಿ ಮುಖ್ಯವಾಗಿ ಮೊದಲನೆಯದು ಎಂದು ಟಿಪ್ಪಣಿ ಬರೆದರು. ಮೌದೂದಿಯವರು ಉರ್ದುವಿನಲ್ಲಿ ‘ಬನಾವ್ ಸಿಂಗಾರ್’ ಎಂಬ ಪದ ಬಳಸಿದರು; ನಮ್ಮ ‘ಸಿಂಗಾರ’ವೇ. ಆದರೆ ‘ಕಾಣುವುದು’ ಬೇರೆ, ‘ತೋರಿಸುವುದು’ ಬೇರೆ ಎಂದು ಗೆರೆ ಎಳೆದರು. ಗಾಳಿಗೆ ಚಾದರ ಸರಿದರೆ ಅದು ತಾನಾಗಿ ಕಂಡದ್ದು. ಮುಖವನ್ನು ಬೇಕೆಂದೇ ತೆರೆದಿಡುವುದು ಆ ರಿಯಾಯಿತಿಯಲ್ಲಿ ಬರುವುದಿಲ್ಲ ಎಂಬುದು ಅವರ ವಾದ. ಇಂದು ನಮ್ಮ ಬೀದಿಯಲ್ಲಿ ಕೇಳುವ ಪ್ರವಚನಗಳ ಬಹುಪಾಲು ಈ ಮೂರನೆಯ ದಾರಿಯ ಮಕ್ಕಳು, ಮೊಮ್ಮಕ್ಕಳು.

ಇದಕ್ಕೆ ಎದುರಾಗಿ ನಿಂತವರೂ ಆಧುನಿಕರೇ. ಇಂದಿನ ಉಕ್ರೇನಿನ ಲ್ವಿವ್ ನಗರದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿ, ಮುಸ್ಲಿಮರಾಗಿ, 1930ರ ದಶಕದಲ್ಲಿ ಭಾರತಕ್ಕೆ ಬಂದು ನೆಲೆಸಿದ ಮುಹಮ್ಮದ್ ಅಸದ್ 1980ರಲ್ಲಿ ತಮ್ಮ ಇಂಗ್ಲಿಷ್ ವ್ಯಾಖ್ಯಾನವನ್ನು ಪೂರ್ತಿಯಾಗಿ ಪ್ರಕಟಿಸಿದರು. ಸುಮಾರು 800 ವರ್ಷಗಳ ಹಿಂದಿನ ರಾಝಿಯವರ ವ್ಯಾಖ್ಯಾನದಿಂದ ಅವರು ಅಲ್ ಖಫ್ಫಾಲ್ ಎಂಬ ಹಿಂದಿನ ವಿದ್ವಾಂಸರ ಒಂದು ಮಾತನ್ನು ಹೆಕ್ಕಿ ತೆಗೆದರು: ‘ಕಾಣುವಂಥದ್ದು’ ಎಂದರೆ ಆಯಾ ಕಾಲದ ರೂಢಿಯಂತೆ ಜನ ತೆರೆದಿಡುವಂಥದ್ದು. ಮಾತನ್ನು ಬೇಕೆಂದೇ ಅಸ್ಪಷ್ಟವಾಗಿ ಬಿಡಲಾಗಿದೆ, ಏಕೆಂದರೆ ರೂಢಿ ಬದಲಾಗುತ್ತದೆ ಎಂದು ಅಸದ್ ವಾದಿಸಿದರು. ಅಮೆರಿಕದ ಅಮೀನಾ ವದೂದ್ 1992ರ ತಮ್ಮ ಪುಸ್ತಕದಲ್ಲಿ ಗ್ರಂಥ ಬಯಸುವುದು ಸಭ್ಯತೆಯ ತತ್ವವನ್ನು, ಒಂದು ಕಾಲದ ಒಂದು ಊರಿನ ಉಡುಪನ್ನಲ್ಲ ಎಂದರು. ಸಿರಿಯಾದ ಸಿವಿಲ್ ಎಂಜಿನಿಯರ್ ಮುಹಮ್ಮದ್ ಶಹ್ರೂರ್ 1990ರಲ್ಲಿ ಬರೆದ ಪುಸ್ತಕದಲ್ಲಿ ಝೀನತ್ ಎಂದರೆ ಹೆಣ್ಣಿನ ದೇಹವೇ ಎಂದು ತೆಗೆದುಕೊಂಡು, ಮುಚ್ಚಲೇಬೇಕಾದ ಭಾಗ ತೀರಾ ಕಡಿಮೆ ಎಂಬ ತೀರ್ಮಾನಕ್ಕೆ ಬಂದರು.

ಯೂಸುಫ್ ಅಲಿಯವರಿಗೂ ಶಹ್ರೂರ್ ಅವರಿಗೂ ತೀರ್ಮಾನದಲ್ಲಿ ಅಜಗಜಾಂತರ. ಆದರೆ ಇಬ್ಬರ ಕಣ್ಣಿಗೂ ಝೀನತ್ ಎಂದೊಡನೆ ಮೊದಲು ಕಾಣುವುದು ಹೆಣ್ಣಿನ ಮೈ. ನನ್ನ ತಕರಾರು ಇದು. ಉಳಿದ ಕಡೆ ಗ್ರಂಥ ಈ ಪದವನ್ನು ಬಳಸುವ ರೀತಿ ನೋಡಿ. ನಕ್ಷತ್ರ ಆಕಾಶಕ್ಕೆ ಕೂಡಿಸಿದ್ದು. ಆಸ್ತಿ ಬದುಕಿಗೆ ಕೂಡಿಸಿದ್ದು. 7ನೇ ಅಧ್ಯಾಯದ 31ನೇ ವಚನದಲ್ಲಿ ಆದಮನ ಮಕ್ಕಳಿಗೆ ಝೀನತ್ ‘ತೆಗೆದುಕೊಳ್ಳಿ’ ಎಂದು ಹೇಳಲಾಗಿದೆ. ತೆಗೆದುಕೊಳ್ಳುವುದು ತೊಡುವಂಥದ್ದನ್ನು. ಮೈಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇಲ್ಲೊಂದು ಗಟ್ಟಿ ಪ್ರತಿವಾದ ಇದೆ, ಅದನ್ನು ಮುಚ್ಚಿಡಬಾರದು. ಮಾರಿಟೇನಿಯಾ ಮೂಲದ ವಿದ್ವಾಂಸ ಮುಹಮ್ಮದ್ ಅಲ್ ಅಮೀನ್ ಅಲ್ ಶಿಂಖೀತಿ ಕುರ್‌ಆನ್ ಅನ್ನು ಕುರ್‌ಆನ್‌ನಿಂದಲೇ ವಿವರಿಸುವ ವ್ಯಾಖ್ಯಾನ ಬರೆದವರು. ಅವರೂ ಝೀನತ್ ಪದವನ್ನು ಇಡೀ ಗ್ರಂಥದಲ್ಲಿ ಹುಡುಕಿ, ಅದು ವಸ್ತುವಿನ ಹೊರಗಿನದು, ಕೂಡಿಸಿದ್ದು ಎಂದೇ ಹೇಳಿದರು. ಆದರೆ ಅದರಿಂದ ಅವರು ತಲುಪಿದ್ದು ಕಟ್ಟುನಿಟ್ಟಿನ ತೀರ್ಮಾನಕ್ಕೆ: ಕಾಣಬಹುದಾದದ್ದು ಮೇಲುಡುಪು ಮಾತ್ರ, ಮುಖವೂ ಮುಚ್ಚಿರಬೇಕು. ಅಂದರೆ ಪದವನ್ನು ಪೂರ್ತಿ ಓದಿದ ಮಾತ್ರಕ್ಕೆ ಎಲ್ಲರೂ ಒಂದೇ ಕಡೆ ಬರುವುದಿಲ್ಲ. ಆದರೂ ಎರಡು ಸಂಗತಿಗಳು ನನ್ನನ್ನು ಅವರ ದಾರಿಯಿಂದ ತಡೆಯುತ್ತವೆ. ಎಲ್ಲ ಮುಖಗಳೂ ಮುಚ್ಚಿರಬೇಕಿದ್ದರೆ ಗಂಡಸರಿಗೆ ದೃಷ್ಟಿ ತಗ್ಗಿಸಿ ಎಂದು ಹಿಂದಿನ ವಚನದಲ್ಲೇ ಹೇಳುವ ಅಗತ್ಯ ಅಷ್ಟಿರುತ್ತಿರಲಿಲ್ಲ. ಹಜ್ ಯಾತ್ರೆಯ ಇಹ್ರಾಮಿನಲ್ಲಿ ಹೆಂಗಸರು ನಿಖಾಬ್, ಕೈಗವಸು ಹಾಕಬಾರದು ಎಂಬ ಹದೀಸ್ ಬುಖಾರಿಯಲ್ಲಿದೆ. ಲಕ್ಷಾಂತರ ಜನ ಸೇರುವ ಆ ಜಾಗದಲ್ಲಿ ಇಲ್ಲದ ಕಟ್ಟು ಮೆಹದಿಪಟ್ನಂ ಬಸ್ ನಿಲ್ದಾಣದಲ್ಲಿ ಯಾಕೆ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ನನಗೆ ಸಿಕ್ಕಿಲ್ಲ.

ಬೇಡ ಎಂದವರು ಯಾರು?

ಆ 7ನೇ ಅಧ್ಯಾಯದ 31, 32ನೇ ವಚನಗಳೇ ಅಲಂಕಾರದ ಚರ್ಚೆಗೆ ಬುನಾದಿಯಾಗಬೇಕಿತ್ತು. ಇಸ್ಲಾಮಿಗೆ ಮುಂಚೆ ಕೆಲವು ಅರಬ್ಬರು ಬಟ್ಟೆ ಕಳಚಿ ಕಾಬಾದ ಪ್ರದಕ್ಷಿಣೆ ಮಾಡುತ್ತಿದ್ದ ಹಿನ್ನೆಲೆಯಲ್ಲಿ ಈ ವಚನಗಳು ಬಂದವೆಂದು ವ್ಯಾಖ್ಯಾನಗಳು ಹೇಳುತ್ತವೆ. ಪ್ರಾರ್ಥನೆಯ ಪ್ರತಿ ಜಾಗದಲ್ಲೂ ಝೀನತ್ ತೊಡಿ, ತಿನ್ನಿ, ಕುಡಿಯಿರಿ, ಆದರೆ ಅತಿ ಮಾಡಬೇಡಿ ಎನ್ನುವುದು ಒಂದು ವಚನದ ಸಾರ. ದೇವರು ತನ್ನ ದಾಸರಿಗಾಗಿ ಹೊರತಂದ ಝೀನತ್ ಅನ್ನು ನಿಷೇಧಿಸಿದವರು ಯಾರು ಎಂಬ ಸವಾಲು ಇನ್ನೊಂದು ವಚನದ್ದು. ಬೇಡ ಎನ್ನುವವನೇ ಕಾರಣ ಕೊಡಬೇಕು, ತೊಡುವವಳಲ್ಲ.

ಆಧುನಿಕ ವ್ಯಾಖ್ಯಾನ ಈ ಎರಡು ವಚನಗಳಲ್ಲಿ ಹೊಸ ಹೊಳಪು ಕಂಡಿದೆ. ಈಜಿಪ್ಟಿನಲ್ಲಿ ಮುಹಮ್ಮದ್ ಅಬ್ದುಹು ಶುರುಮಾಡಿ ಅವರ ಶಿಷ್ಯ ರಶೀದ್ ರಿದಾ ಮುಂದುವರಿಸಿದ ‘ಅಲ್ ಮನಾರ್’ ವ್ಯಾಖ್ಯಾನ, ಅಲಂಕಾರದ ಆಸೆಯನ್ನು ಮನುಷ್ಯನ ಸಹಜ ಪ್ರವೃತ್ತಿ ಎಂದೂ ಕಸುಬು, ಕೈಗಾರಿಕೆ, ನಾಗರಿಕತೆ ಬೆಳೆಯಲು ಅದೂ ಒಂದು ಕಾರಣ ಎಂದೂ ನೋಡುತ್ತದೆ. ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆಯ ಮೇಲೆ ಕನ್ನಡಿ ಚೂರು ಕೂರಿಸುವ ಕೈಗಳನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಒಂದು ಡಜನ್ ಬಳೆಯ ಹಿಂದೆ ಒಂದು ಮನೆಯ ಅಡುಗೆ ನಡೆಯುತ್ತದೆ. ಮೌಲಾನಾ ಅಬುಲ್ ಕಲಾಂ ಆಜಾದ್ ದೇವರ ಕರುಣೆಯನ್ನು ವಿವರಿಸುವಾಗ ಸೃಷ್ಟಿಯಲ್ಲಿ ಉಪಯೋಗದ ಜತೆಗೆ ಚೆಲುವೂ ಇದೆ, ಅದೂ ಕರುಣೆಯ ಗುರುತೇ ಎಂಬ ಧಾಟಿಯಲ್ಲಿ ಬರೆದರು.

ಹಾಗಾದರೆ ಮಿತಿಯೇ ಇಲ್ಲವೇ? ಇದೆ. ಚೆಂದದ ಬಟ್ಟೆ, ಚೆಂದದ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂದು ಕೇಳಿದಾಗ ಪ್ರವಾದಿಯವರು ಕೊಟ್ಟ ಉತ್ತರ ಮುಸ್ಲಿಂ ಹದೀಸ್ ಸಂಗ್ರಹದಲ್ಲಿದೆ: ದೇವರಿಗೆ ಸೌಂದರ್ಯ ಇಷ್ಟ, ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸುವುದು, ಜನರನ್ನು ಕೀಳಾಗಿ ಕಾಣುವುದು. ಮಿತಿ ಇಲ್ಲಿದೆ. ಅತಿ, ಅಹಂಕಾರ ಮತ್ತು ಇನ್ನೊಬ್ಬರನ್ನು ಸಣ್ಣವರನ್ನಾಗಿ ಮಾಡುವ ಮೆರವಣಿಗೆ. ಈ ಮೂರೂ ಗಂಡಿಗೂ ಹೆಣ್ಣಿಗೂ ಸಮಾನ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಕನ್ನಡದಲ್ಲಿ ಗಾದೆ ಇದೆ. ನಮ್ಮ ಸಮುದಾಯ ಇದನ್ನು ವಿಚಿತ್ರವಾಗಿ ಹಂಚಿಕೊಂಡಿದೆ: ಊಟದ ಇಚ್ಛೆ ಗಂಡಸರದ್ದು, ನೋಟದ ಪರರಿಚ್ಛೆ ಹೆಂಗಸರದ್ದು. ಬಟ್ಟೆಯನ್ನೂ ಊಟವನ್ನೂ ಒಟ್ಟಿಗೆ ಹೇಳಿ ಎರಡಕ್ಕೂ ಒಂದೇ ‘ಅತಿ ಬೇಡ’ ಎಂಬ ಗೆರೆ ಎಳೆದ ವಚನವನ್ನು ಓದಿಯೂ, ಮದುವೆ ಊಟದಲ್ಲಿ ಬಿರಿಯಾನಿ ತಟ್ಟೆ ತಟ್ಟೆ ಚೆಲ್ಲುವುದನ್ನು ಕಂಡೂ, ಮದುಮಗಳ ಅಕ್ಕನ ದುಪಟ್ಟಾ ಜಾರಿದ್ದೇ ದೊಡ್ಡ ವಿಷಯವಾಗುತ್ತದೆ.

ಒಡವೆ ಯಾವಾಗ ನಿಧಿಯಾಗುತ್ತದೆ?

ನನ್ನ ವೃತ್ತಿಗೆ ಹತ್ತಿರದ ಪ್ರಶ್ನೆಗೆ ಬರುತ್ತೇನೆ. ತೊಡುವ ಚಿನ್ನಕ್ಕೆ ಜಕಾತ್ ಇದೆಯೇ? ಹನಫಿ ಪಂಥ ಇದೆ ಎನ್ನುತ್ತದೆ. ಶಾಫಿಈ, ಮಾಲಿಕಿ, ಹಂಬಲಿ ಪಂಥಗಳ ಹೆಚ್ಚಿನವರು ಮಿತವಾಗಿ ತೊಡುವ ಒಡವೆಗೆ ಇಲ್ಲ ಎನ್ನುತ್ತಾರೆ. ರಾಯಚೂರಿನವಳಾದ ನಾನು ಹನಫಿ. ಹೈದರಾಬಾದಿನಲ್ಲೇ ಕೆಲಸ ಮಾಡುವ ಭಟ್ಕಳದ ನನ್ನ ಗೆಳತಿ ಶಾಫಿಈ. ಕರ್ನಾಟಕದ ಕರಾವಳಿಯ ನವಾಯತರು, ಬ್ಯಾರಿಗಳು ಶಾಫಿಈ ಪಂಥದವರು. ಇಬ್ಬರ ಬಳಿಯೂ 100 ಗ್ರಾಂ ಒಡವೆ ಇದ್ದರೆ ನಾನು ವರ್ಷಕ್ಕೆ ಎರಡೂವರೆ ಗ್ರಾಂ ಚಿನ್ನದ ಬೆಲೆಯಷ್ಟು ಜಕಾತ್ ಕೊಡಬೇಕು, ಅವಳು ಕೊಡಬೇಕಿಲ್ಲ. ಒಂದೇ ರಾಜ್ಯ, ಒಂದೇ ಗ್ರಂಥ, ಒಂದೇ ತೂಕದ ಬಳೆ.

ಇಬ್ಬರಿಗೂ ಆಧಾರ ಇದೆ. ಮಗಳ ಕೈಯಲ್ಲಿ ದಪ್ಪ ಚಿನ್ನದ ಬಳೆ ಹಾಕಿಸಿಕೊಂಡು ಬಂದ ತಾಯಿಯನ್ನು ಪ್ರವಾದಿಯವರು ಇದಕ್ಕೆ ಜಕಾತ್ ಕೊಡುತ್ತೀಯಾ ಎಂದು ಕೇಳಿದ ಹದೀಸ್ ಒಂದು ಕಡೆ. ತಮ್ಮ ಆಶ್ರಯದಲ್ಲಿದ್ದ ಸಹೋದರನ ಅನಾಥ ಹೆಣ್ಣುಮಕ್ಕಳ ಒಡವೆಗೆ ಹಜ್ರತ್ ಆಯಿಶಾ ಜಕಾತ್ ಕೊಡುತ್ತಿರಲಿಲ್ಲ ಎಂಬ ವರದಿ ಇನ್ನೊಂದು ಕಡೆ. ಆಧುನಿಕ ವಿದ್ವಾಂಸ ಯೂಸುಫ್ ಅಲ್ ಖರದಾವಿ ಜಕಾತ್ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ನಡುವಿನ ದಾರಿ ಹಿಡಿದರು: ವಾಡಿಕೆಯಂತೆ ತೊಡುವುದು ಅಲಂಕಾರ, ಅದಕ್ಕೆ ಜಕಾತ್ ಇಲ್ಲ, ಕೂಡಿಡಲೆಂದು ಮಾಡಿಸಿದ್ದು, ಮಿತಿ ಮೀರಿದ್ದು ನಿಧಿ, ಅದಕ್ಕೆ ಜಕಾತ್ ಇದೆ. ಚಿನ್ನ ಬೆಳ್ಳಿಯನ್ನು ಕೂಡಿಟ್ಟು ಸತ್ಕಾರ್ಯಕ್ಕೆ ಖರ್ಚು ಮಾಡದವರಿಗೆ 9ನೇ ಅಧ್ಯಾಯ ಕೊಡುವ ಎಚ್ಚರಿಕೆಯನ್ನು ನೆನೆದರೆ ಈ ಭೇದ ಎಷ್ಟು ಮುಖ್ಯ ಎಂದು ತಿಳಿಯುತ್ತದೆ. ಮೈಮೇಲಿನ ಒಡವೆ ಝೀನತ್. ಲಾಕರಿನಲ್ಲಿ ಹತ್ತು ವರ್ಷ ಬೆಳಕು ಕಾಣದೆ ಮಲಗಿದ್ದು ಝೀನತ್ ಹೇಗಾದೀತು?

ನಮ್ಮ ತೆರಿಗೆ ಇಲಾಖೆಗೂ ಈ ಭೇದದ ಅರಿವಿದೆ. 1994ರ ಸೂಚನೆಯ ಪ್ರಕಾರ ಶೋಧದ ವೇಳೆ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಗಂಡಸಿನ 100 ಗ್ರಾಂ ವರೆಗಿನ ಒಡವೆಯನ್ನು ಅಧಿಕಾರಿಗಳು ವಶಪಡಿಸಿಕೊಳ್ಳುವುದಿಲ್ಲ. ಇಷ್ಟು ಒಡವೆ ನಮ್ಮ ದೇಶದಲ್ಲಿ ರೂಢಿ ಎಂಬ ಒಪ್ಪಿಗೆ ಅದರಲ್ಲಿದೆ. ಅಲ್ ಖಫ್ಫಾಲ್ ಹೇಳಿದ ‘ಆಯಾ ಕಾಲದ ರೂಢಿ’ ಎಂಬ ಮಾತು ಆದಾಯ ತೆರಿಗೆಯ ಕಡತದಲ್ಲೂ ಕೆಲಸ ಮಾಡುತ್ತಿದೆ.

ಆದರೆ ಜಕಾತ್ ಲೆಕ್ಕ ಮಾಡಲು ಕೂತಾಗ ಎದುರಾಗುವ ಮೊದಲ ಪ್ರಶ್ನೆ ಬೇರೆಯೇ: ಒಡವೆ ಯಾರದ್ದು? ಜಕಾತ್ ಕೊಡುವ ದಿನ ಅದು ಹೆಂಡತಿಯದ್ದು, ಅವಳೇ ಕೊಡಲಿ. ಅಂಗಡಿಗೆ ಬಂಡವಾಳ ಬೇಕಾದ ದಿನ ಅದು ಮನೆಯದ್ದು, ಅಡವಿಡೋಣ. ಹೊಂದಾಣಿಕೆ ಆಗದೆ ಅವಳು ತವರಿಗೆ ಹೊರಟ ದಿನ ಅದು ಅತ್ತೆ ಹಾಕಿದ್ದು, ಇಲ್ಲೇ ಇರಲಿ. ಈ ಮೂರು ಮಾತನ್ನೂ ಒಂದೇ ಮನೆಯಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ನಾನು ಕೇಳಿದ್ದೇನೆ. ಶರೀಅತ್ ಪ್ರಕಾರ ಮಹರ್ ಹೆಣ್ಣಿನ ಸ್ವಂತ ಆಸ್ತಿ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ನೆಂಟರು ಅಥವಾ ಗಂಡ ಕೊಟ್ಟದ್ದೂ ಅವಳದೇ ಎಂದು 1986ರ ಮುಸ್ಲಿಂ ಮಹಿಳಾ ವಿಚ್ಛೇದನ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಹೀಗಿದ್ದೂ ಬಳೆ ಕಾಣಬಾರದು ಎಂದು ಹೇಳಲು ಇರುವ ದನಿ, ಬಳೆ ಅವಳದೇ ಎಂದು ಹೇಳಲು ಏಳುವುದಿಲ್ಲ.

ನನ್ನ ನಾನಿ ಕತ್ತಿನಲ್ಲಿ ಕೊನೆತನಕ ಲಚ್ಚಾ ಇತ್ತು. ಕಪ್ಪು ಮಣಿಯ ಈ ಸರ ದಖ್ಖನಿನ ಮುಸ್ಲಿಂ ಮುತ್ತೈದೆಯರ ಗುರುತು. ರಾಯಚೂರಿನ ಪಕ್ಕದ ಮನೆಯವರು ಅದನ್ನು ಕರಿಮಣಿ ಎಂದೇ ಕರೆಯುತ್ತಿದ್ದರು. ಇದು ಧರ್ಮದ್ದಲ್ಲ, ತೆಗೆದುಹಾಕಿ ಎಂದು ಹೇಳುವವರು ಈಗ ಹೆಚ್ಚಾಗಿದ್ದಾರೆ. ಲಚ್ಚಾ ಧರ್ಮದ ಕಟ್ಟಳೆ ಎಂದು ಯಾರೂ ಹೇಳಿರಲಿಲ್ಲ. ಅದು ಈ ನೆಲದ ರೂಢಿ, ಒಬ್ಬ ಹೆಂಗಸಿನ ಝೀನತ್. ನಿಷೇಧಿಸಿದವರು ಯಾರು ಎಂಬ ಪ್ರಶ್ನೆ ಅದಕ್ಕೂ ಅನ್ವಯಿಸುತ್ತದೆ.

ಎರಡು ಕಡೆಯ ಕಾವಲು

ಕರ್ನಾಟಕದವಳಾಗಿ 2022ರ ವಿಷಯ ಎತ್ತದೆ ಈ ಮಾತು ಪೂರ್ತಿಯಾಗುವುದಿಲ್ಲ. ಹಿಜಾಬ್ ಪ್ರಕರಣದಲ್ಲಿ ಆ ವರ್ಷ ಮಾರ್ಚ್ 15ರಂದು ತೀರ್ಪು ಕೊಟ್ಟ ಕರ್ನಾಟಕ ಹೈಕೋರ್ಟ್, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳುವಾಗ ಮುಖ್ಯವಾಗಿ ಆಧರಿಸಿದ್ದು ಯೂಸುಫ್ ಅಲಿಯವರ ಅನುವಾದ ಮತ್ತು ಟಿಪ್ಪಣಿಗಳನ್ನು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೈಕೋರ್ಟಿನ ತೀರ್ಪನ್ನು ಒಪ್ಪದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಅತ್ಯಗತ್ಯ ಆಚರಣೆಯ ಪ್ರಶ್ನೆಗಿಂತ ಹೆಣ್ಣುಮಕ್ಕಳ ಆಯ್ಕೆ ಮತ್ತು ಓದನ್ನು ಮುಂದಿಟ್ಟರು.

ನನಗೆ ಆ ದಿನಗಳಲ್ಲಿ ನೋವಾದದ್ದು ಒಂದು ಸಾಮ್ಯದಿಂದ. ಗೇಟಿನ ಹೊರಗೆ ಬಟ್ಟೆ ತೆಗೆ ಎನ್ನುವವರಿಗೂ, ಮನೆಯ ಹೊಸ್ತಿಲಲ್ಲಿ ಬಟ್ಟೆ ಹಾಕು ಎನ್ನುವವರಿಗೂ ಒಂದು ವಿಷಯದಲ್ಲಿ ಒಪ್ಪಂದವಿತ್ತು: ಈ ಹುಡುಗಿಯನ್ನು ಕೇಳಬೇಕಾಗಿಲ್ಲ. ಇಬ್ಬರಿಗೂ ಅವಳು ಕಾವಲು ಕಾಯಬೇಕಾದ ವಸ್ತು. ತಲೆವಸ್ತ್ರ ಹಾಕುವ ಹುಡುಗಿಯ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಹಾಕದವಳನ್ನು ಕೆಟ್ಟವಳೆನ್ನುವ ಅಧಿಕಾರ ಸೂರಾ ನೂರ್ ಯಾರಿಗೂ ಕೊಟ್ಟಿಲ್ಲ ಎಂದು ನಂಬುತ್ತೇನೆ. ಇಬ್ಬರೂ ತರಗತಿಯ ಒಳಗಿರಬೇಕು. 14 ಶತಮಾನಗಳಿಂದ ವಿದ್ವಾಂಸರು ಒಂದು ಉತ್ತರಕ್ಕೆ ಬರದ ಪ್ರಶ್ನೆಯನ್ನು ಪರೀಕ್ಷೆಯ ಬೆಳಿಗ್ಗೆ ಹದಿನೇಳು ವರ್ಷದವಳ ತಲೆಯ ಮೇಲೆ ಇಡುವುದು ನ್ಯಾಯವಲ್ಲ.

ಅಸ್ಪಷ್ಟವಾಗಿ ಬಿಟ್ಟದ್ದನ್ನು ಅಸ್ಪಷ್ಟವಾಗಿಯೇ ಇರಗೊಡುವುದೂ ವಿಧೇಯತೆಯೇ. ಅದರ ಬದಲು ಸ್ಪಷ್ಟವಾಗಿರುವುದನ್ನು ಮಾಡೋಣ. ಅತಿ ಬೇಡ ಎಂಬುದು ಸ್ಪಷ್ಟ. ನಿಧಿ ಕೂಡಿಡುವವರಿಗೆ ಕೊಟ್ಟ ಎಚ್ಚರಿಕೆ ಸ್ಪಷ್ಟ. ದೃಷ್ಟಿ ತಗ್ಗಿಸಿ ಎಂಬ ಮಾತು ಗಂಡಸರಿಗೆ ಮೊದಲು ಬಂದದ್ದು ಸ್ಪಷ್ಟ. ಮಹರ್ ಅವಳದು ಎಂಬುದೂ ಸ್ಪಷ್ಟ.

ಇದು ದೊಡ್ಡ ಸುಧಾರಣೆಯ ಮಾತಲ್ಲ. ಕಾಗದ ಪೆನ್ನಿನ ಕೆಲಸ. ಮಗಳ ಮದುವೆಗೆ ಚಿನ್ನ ಕೊಳ್ಳುವವರು ಬಿಲ್ಲನ್ನು ಅವಳ ಹೆಸರಿಗೆ ಮಾಡಿಸಿ. ನಿಕಾಹ್ ದಿನ ಯಾವ ಒಡವೆ, ಎಷ್ಟು ತೂಕ, ಯಾರು ಕೊಟ್ಟದ್ದು ಎಂದು ಪಟ್ಟಿ ಬರೆದು ಎರಡೂ ಕಡೆಯವರಿಂದ ಸಹಿ ಹಾಕಿಸಿ, ಒಂದು ಪ್ರತಿ ಅವಳ ಬಳಿ ಇರಲಿ. ಲಾಕರಿನಲ್ಲಿ ಅವಳ ಹೆಸರೂ ಇರಲಿ. ಅದನ್ನು ತೊಡುವುದು, ಮುಚ್ಚುವುದು, ಮಾರುವುದು, ದಾನ ಮಾಡುವುದು ಅವಳಿಗೆ ಬಿಟ್ಟದ್ದು. ದೇವರೆದುರು ಅದರ ಲೆಕ್ಕ ಕೊಡಬೇಕಾದವಳು ಅವಳೇ ಆಗಿರುವಾಗ, ಕೀಲಿಯೂ ಅವಳ ಕೈಯಲ್ಲೇ ಇರಬೇಕು.